ಆರು ಮಂತ್ರದ ಸಾರ್ಸರರ್

ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಸಾರ್ಸರರ್ ಪಾತ್ರ ತಗೊಂಡವರು ಎರಡು ಸುತ್ತು ಬೆಂಕಿ ಎಸೆದು, ಆಮೇಲೆ ಮೊಬೈಲ್ ನೋಡ್ತಾ ಕೂರೋದನ್ನ ನಮ್ಮ ಶನಿವಾರದ ಆಟದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಆಟಗಾರರನ್ನು ಬೈಯುವ ಮೊದಲು 2014ರ ರೂಲ್‌ಬುಕ್ ತೆಗೆದು ನೋಡಿ. ಐದನೇ ಲೆವೆಲ್‌ನ ವಿಝರ್ಡ್ ಪುಸ್ತಕದಲ್ಲಿ ಕನಿಷ್ಠ 14 ಮಂತ್ರ. ಸಾರ್ಸರರ್‌ಗೆ ಗೊತ್ತಿರೋದು ಬರೀ 6. ಇಪ್ಪತ್ತನೇ ಲೆವೆಲ್ ಮುಟ್ಟಿದರೂ 15.

ಆ ಆರರಲ್ಲಿ ನಾಲ್ಕು ಬೆಂಕಿ, ಸಿಡಿಲೇ ಆದರೆ, ನೀರು ಕಡಿಮೆ ಇರೋ ಬಾವಿಗೆ ದೊಡ್ಡ ಮೋಟರ್ ಕೂರಿಸಿದ ಹಾಗೆ. ಹೊಡೆಯೋಕೆ ಫೈರ್‌ಬಾಲ್ ಒಂದು ಸಾಕು. ಉಳಿದದ್ದು ಮೆಟಾಮ್ಯಾಜಿಕ್‌ಗೆ, ಅಂದರೆ ಮಂತ್ರವನ್ನು ಬೇಕಾದಂತೆ ತಿರುಚೋ ಶಕ್ತಿಗೆ, ಹೊಂದಬೇಕು. ಕೇರ್‌ಫುಲ್ ಸ್ಪೆಲ್ ಹಾಕಿ ಫೈರ್‌ಬಾಲ್ ಎಸೆದರೂ ನಮ್ಮವರಿಗೆ ಅರ್ಧ ಪೆಟ್ಟು ಬಿದ್ದೇ ಬೀಳುತ್ತೆ. ಅದನ್ನೇ ಹಿಪ್ನಾಟಿಕ್ ಪ್ಯಾಟರ್ನ್ ಜೊತೆ ಬಳಸಿ: ಸೇವ್ ಸೋತ ಶತ್ರುಗಳು ಮಂಕು ಬಡಿದು ನಿಲ್ತಾರೆ, ಅವರ ನಡುವೆ ಸಿಕ್ಕಿಕೊಂಡ ನಮ್ಮ ಫೈಟರ್‌ಗೆ ಏನೂ ಆಗಲ್ಲ. ಇದಕ್ಕೆ ಒಂದೇ ಸಾರ್ಸರಿ ಪಾಯಿಂಟ್. ಎಲ್ಲರೂ ಹೊಗಳೋ, ಹೇಸ್ಟ್ ಮಂತ್ರವನ್ನ ಇಬ್ಬರ ಮೇಲೆ ಹಾಕೋ ಉಪಾಯಕ್ಕೆ 3. ಏಕಾಗ್ರತೆ ಮುರಿದರೆ ಆ ಇಬ್ಬರೂ ಒಂದು ಸರದಿ ಸುಮ್ಮನೆ ನಿಲ್ಲಬೇಕು. ನನಗಂತೂ ದುಬಾರಿ.

2020ರಲ್ಲಿ ಬಂದ ಕ್ಲಾಕ್‌ವರ್ಕ್ ಸೋಲ್, ಅಬೆರಂಟ್ ಮೈಂಡ್ ಸಾರ್ಸರರ್‌ಗಳಿಗೆ ಹತ್ತು ಮಂತ್ರ ಹೆಚ್ಚಿಗೆ ಸಿಕ್ಕವು. 2024ರ ಪುಸ್ತಕ ಐದನೇ ಲೆವೆಲ್‌ಗೆ 9 ಕೊಟ್ಟು, ಕೇರ್‌ಫುಲ್‌ನ ಆ ಅರ್ಧ ಪೆಟ್ಟನ್ನೂ ತೆಗೀತು. ಹತ್ತು ವರ್ಷ ತಡವಾಗಿ! ಹಳೇ ಪುಸ್ತಕದಲ್ಲೇ ಆಡೋರು ಡಂಜನ್ ಮಾಸ್ಟರ್‌ನ ಕೇಳಿ ನಾಲ್ಕೈದು ಮಂತ್ರ ಸೇರಿಸ್ಕೊಳ್ಳಿ. ವಿಝರ್ಡ್‌ಗೆ ಹೊಟ್ಟೆ ಉರಿದರೆ ಉರೀಲಿ.