ವರ್ಧಾದ ಎರಡು ದಿನ

1937ರ ಅಕ್ಟೋಬರ್ 22 ಮತ್ತು 23ರಂದು ಮಧ್ಯಪ್ರಾಂತದ ಹತ್ತಿ ಪೇಟೆಯಾದ ವರ್ಧಾದಲ್ಲಿ ಒಂದು ಸಣ್ಣ ಸಭೆ ನಡೆಯಿತು. ಕರೆದದ್ದು ಅಲ್ಲಿನ ಮಾರವಾಡಿ ಶಿಕ್ಷಣ ಮಂಡಲ. ಜಮನಾಲಾಲ್ ಬಜಾಜರು ಮೊದಲು ಹುಡುಗರಿಗೊಂದು ವಿದ್ಯಾರ್ಥಿಗೃಹ ಮಾಡಿ, ಅದರ ಆಸರೆಯಲ್ಲಿ ಬೆಳೆಸಿದ ಶಾಲೆ ಈ ಮಂಡಲದ್ದು. ಮುಂದೆ ಅದು ನವಭಾರತ ವಿದ್ಯಾಲಯವಾಯಿತು. ಆ ವರ್ಷ ಅದಕ್ಕೆ ಬೆಳ್ಳಿಹಬ್ಬ. ಬೆಳ್ಳಿಹಬ್ಬವೆಂದರೆ ಪೆಂಡಾಲು, ದಾನಿಗಳಿಗೆ ಹಾರ, ಹಳೆಯ ವಿದ್ಯಾರ್ಥಿಗಳ ಭಾಷಣ, ಒಂದು ಸ್ಮರಣ ಸಂಚಿಕೆ. ಇದು ಅಂದಿನ ವಾಡಿಕೆ, ಇಂದಿನದೂ ಹೌದು. ಶಾಲೆಯ ಹೊಣೆ ಹೊತ್ತಿದ್ದ ಶ್ರೀಮನ್ನಾರಾಯಣ ಅಗರವಾಲರು ಬೇರೊಂದು ದಾರಿ ಹಿಡಿದರು. ಊರಿನಿಂದ ಕೆಲವೇ ಮೈಲಿ ದೂರದ ಸೇಗಾಂವದಲ್ಲಿದ್ದ ಗಾಂಧೀಜಿಯನ್ನು ಅಧ್ಯಕ್ಷರಾಗಲು ಒಪ್ಪಿಸಿ, ಅವರು ಆ ಬೇಸಿಗೆಯಿಂದ ‘ಹರಿಜನ’ ಪತ್ರಿಕೆಯಲ್ಲಿ ಬರೆಯುತ್ತಿದ್ದ ಶಿಕ್ಷಣದ ವಿಚಾರವನ್ನು ಚರ್ಚಿಸಿ ತೀರ್ಮಾನಿಸಲು ದೇಶದ ಶಿಕ್ಷಣ ಬಲ್ಲವರನ್ನು ಕರೆಸಿದರು.

ನಾಟಕವನ್ನೋ ಕಾದಂಬರಿಯನ್ನೋ ವಿಮರ್ಶಿಸುವಂತೆ ಒಂದು ಸಮ್ಮೇಳನವನ್ನೂ ವಿಮರ್ಶಿಸಬಹುದು ಎಂದು ನಾನು ನಂಬಿದ್ದೇನೆ. ಯಾರನ್ನು ಕರೆದರು, ಯಾವ ಪ್ರಶ್ನೆ ಇಟ್ಟರು, ಒಪ್ಪದವರನ್ನು ಹೇಗೆ ನಡೆಸಿಕೊಂಡರು, ಎದ್ದು ಹೋಗುವಾಗ ಕೈಯಲ್ಲಿ ಏನು ಹಿಡಿದು ಹೋದರು ಎಂಬುದರಲ್ಲೇ ಸಮ್ಮೇಳನದ ಗುಣ ಇರುತ್ತದೆ. ಈ ನಾಲ್ಕರಲ್ಲಿ ಮೂರನ್ನು ವರ್ಧಾ ಚೆನ್ನಾಗಿ ಮಾಡಿತು. ಮೊದಲನೆಯದರಲ್ಲಿ ಸೋತಿತು. ಆ ಸೋಲು ಉಳಿದ ಮೂರನ್ನೂ ನಿಧಾನವಾಗಿ ತಿಂದುಹಾಕಿತು ಎಂಬುದು ನನ್ನ ತೀರ್ಮಾನ.

ಪ್ರಶ್ನೆ ಹುಟ್ಟಿದ್ದು ಹಣದ ಸಂಕಟದಿಂದ. ಆ ವರ್ಷದ ಜುಲೈನಿಂದ ಕಾಂಗ್ರೆಸ್ ಮಂತ್ರಿಮಂಡಲಗಳು ಅಧಿಕಾರ ಹಿಡಿಯತೊಡಗಿದ್ದವು. ಅಕ್ಟೋಬರಿನ ಹೊತ್ತಿಗೆ ಏಳು ಪ್ರಾಂತಗಳು ಅವರ ಕೈಯಲ್ಲಿದ್ದವು. ಪಾನನಿರೋಧ ಅವರು ಜನರಿಗೆ ಕೊಟ್ಟಿದ್ದ ಮಾತು. ಆದರೆ ಶಾಲೆಗಳ ಖರ್ಚಿಗೆ ಪ್ರಾಂತಗಳು ನೆಚ್ಚಿಕೊಂಡಿದ್ದದ್ದು ಅಬಕಾರಿ ಆದಾಯವನ್ನು. ಹೆಂಡದ ಅಂಗಡಿ ಮುಚ್ಚಿದರೆ ಶಾಲೆಯ ಬಾಗಿಲೂ ಮುಚ್ಚಬೇಕಾಗುತ್ತದೆಯೇ? ಅಪ್ಪ ಕುಡಿದು ಕೊಟ್ಟ ಕಾಸಿನಲ್ಲಿ ಮಗ ಅಕ್ಷರ ಕಲಿಯಬೇಕೆಂಬುದು ಗಾಂಧೀಜಿಗೆ ಸಹಿಸಲಾಗದ ಮಾತಾಗಿತ್ತು. ಅವರು ಹೇಳಿದ ಪರಿಹಾರ ಹೀಗಿತ್ತು: ಮಗು ಒಂದು ಕಸುಬನ್ನು ಕೈಯಾರೆ ಕಲಿಯಲಿ, ಆ ಕಸುಬಿನ ಸುತ್ತಲೇ ಲೆಕ್ಕ, ಭೂಗೋಳ, ಚರಿತ್ರೆ ಬೆಳೆಯಲಿ, ಮಗು ಮಾಡಿದ ವಸ್ತುವಿನ ಬೆಲೆಯಿಂದ ಶಾಲೆ ತನ್ನ ಖರ್ಚನ್ನು ತಾನೇ ತೂಗಿಸಲಿ. ಇದರಲ್ಲಿ ಎರಡು ವಿಚಾರಗಳು ಹೆಣೆದುಕೊಂಡಿವೆ. ಒಂದು ಕಲಿಕೆಯದು, ಇನ್ನೊಂದು ಖಜಾನೆಯದು. ಮಹಾತ್ಮರಿಗೆ ಅವೆರಡೂ ಒಂದೇ ಆಗಿದ್ದವು. ಸಭೆಗೆ ಬಂದವರಲ್ಲಿ ಹಲವರಿಗೆ ಹಾಗೆ ಕಾಣಲಿಲ್ಲ.

ನನಗೆ ಈ ಸಭೆಯ ಮೇಲೆ ಗೌರವ ಹುಟ್ಟುವುದು ಇಲ್ಲಿಯೇ. ಪೀಠದಲ್ಲಿದ್ದವರು ಗಾಂಧೀಜಿ, ಯೋಜನೆಯೂ ಅವರದೇ. ಎದುರಿಗೆ ಮುಂಬಯಿಯ ಬಿ.ಜಿ. ಖೇರ್, ಮದರಾಸಿನ ಪಿ. ಸುಬ್ಬರಾಯನ್, ಮಧ್ಯಪ್ರಾಂತದ ರವಿಶಂಕರ ಶುಕ್ಲ ಮೊದಲಾದ ಮಂತ್ರಿಗಳು. ಇಂಥ ಕಡೆ ‘ತಾವು ಹೇಳಿದ್ದೇ ಸರಿ’ ಎಂದು ಎದ್ದುಬಿಡುವುದು ಸುಲಭ. ದೆಹಲಿಯ ಜಾಮಿಯಾ ಮಿಲ್ಲಿಯಾದಿಂದ ಬಂದಿದ್ದ ಡಾ. ಜಾಕಿರ್ ಹುಸೇನರು ಹಾಗೆ ಮಾಡಲಿಲ್ಲ. ಕೆಲಸದ ಮೂಲಕ ಕಲಿಸುವುದು ಅಮೆರಿಕದಲ್ಲಿ, ರಷ್ಯಾದಲ್ಲಿ ಆಗಲೇ ನಡೆದಿದೆ, ಇದು ತೀರ ಹೊಸತಲ್ಲ ಎಂದರು. ಗಳಿಕೆಗೇ ಒತ್ತು ಕೊಟ್ಟರೆ ಮೇಷ್ಟ್ರು ಮಕ್ಕಳಿಂದ ದುಡಿಸಿಕೊಳ್ಳುವ ಮೇಸ್ತ್ರಿಯಾಗುತ್ತಾನೆ, ಆಗ ನೂಲುವ ತಕಲಿಯು ಪುಸ್ತಕಕ್ಕಿಂತ ಕೆಟ್ಟದ್ದಾಗುತ್ತದೆ ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಅರ್ಥಶಾಸ್ತ್ರಜ್ಞ ಕೆ.ಟಿ. ಶಾ ಇನ್ನೂ ಖಾರವಾಗಿಯೇ ಆಕ್ಷೇಪಿಸಿದರು. ಶಾಲೆಯ ಮಕ್ಕಳ ಸರಕು ಪೇಟೆಗೆ ಬಂದರೆ ಅದೇ ಕಸುಬಿನಿಂದ ಹೊಟ್ಟೆ ಹೊರೆಯುವವನ ಗತಿ ಏನು ಎಂಬುದು ಅವರ ಪ್ರಶ್ನೆ.

ಈ ಮಾತುಗಳು ವ್ಯರ್ಥವಾಗಲಿಲ್ಲ ಎಂಬುದಕ್ಕೆ ಸಭೆಯ ನಾಲ್ಕು ನಿರ್ಣಯಗಳೇ ಸಾಕ್ಷಿ. ರಾಷ್ಟ್ರವ್ಯಾಪಿಯಾಗಿ ಏಳು ವರ್ಷ ಉಚಿತ ಮತ್ತು ಕಡ್ಡಾಯ ಶಿಕ್ಷಣ ಎಂದು ಮೊದಲನೆಯದು ಹೇಳಿತು. ಮಾತೃಭಾಷೆಯೇ ಮಾಧ್ಯಮ ಎಂದು ಎರಡನೆಯದು. ಯಾವುದಾದರೊಂದು ಉತ್ಪಾದಕ ಕೈಕೆಲಸ ಕೇಂದ್ರದಲ್ಲಿರಬೇಕು, ಉಳಿದದ್ದೆಲ್ಲ ಮಗುವಿನ ಪರಿಸರಕ್ಕೆ ತಕ್ಕ ಕಸುಬಿನೊಂದಿಗೆ ಕೂಡಿಕೊಂಡಿರಬೇಕು ಎಂದು ಮೂರನೆಯದು. ಈ ಪದ್ಧತಿಯು ಕ್ರಮೇಣ ಶಿಕ್ಷಕರ ಸಂಬಳವನ್ನು ಭರಿಸಬಲ್ಲುದು ಎಂದು ನಿರೀಕ್ಷಿಸುತ್ತೇವೆ ಎಂದಿತು ನಾಲ್ಕನೆಯದು. ಅಧ್ಯಕ್ಷರಿಗೆ ಸ್ವಾವಲಂಬನೆಯು ಇಡೀ ಯೋಜನೆಯ ಒರೆಗಲ್ಲಾಗಿತ್ತು. ಸಭೆ ಅದನ್ನು ಕೊನೆಗೆ ತಳ್ಳಿ, ಇಡೀ ಶಾಲೆಯ ಖರ್ಚಿನಿಂದ ಶಿಕ್ಷಕರ ಸಂಬಳಕ್ಕೆ ಇಳಿಸಿ, ಅದಕ್ಕೂ ‘ಕ್ರಮೇಣ’, ‘ನಿರೀಕ್ಷೆ’ ಎಂಬ ಎರಡು ಪದಗಳನ್ನು ಸೇರಿಸಿತು. ಉನ್ನತ ಶಿಕ್ಷಣವನ್ನು ಖಾಸಗಿಯವರಿಗೆ ಬಿಡಬೇಕೆಂಬ ಅವರ ಇನ್ನೊಂದು ಸಲಹೆ ನಿರ್ಣಯಗಳಲ್ಲಿ ಬರಲೇ ಇಲ್ಲ. ಅಧ್ಯಕ್ಷರ ಮಾತನ್ನು ಹೀಗೆ ತಿದ್ದುವ ಸಭೆಗಳು ನಮ್ಮಲ್ಲಿ ವಿರಳ. ತಿದ್ದಿಸಿಕೊಂಡ ಅಧ್ಯಕ್ಷರಿಗೂ ಆ ಮೆಚ್ಚುಗೆಯಲ್ಲಿ ಪಾಲಿದೆ.

ಆಮೇಲೆ ಮಾಡಿದ ಕೆಲಸ ಇನ್ನೂ ದೊಡ್ಡದು. ಪಠ್ಯಕ್ರಮ ರೂಪಿಸುವ ಸಮಿತಿಗೆ ಅನುಮಾನ ಎತ್ತಿದ ಜಾಕಿರ್ ಹುಸೇನರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಕಟುವಾಗಿ ಟೀಕಿಸಿದ ಕೆ.ಟಿ. ಶಾ ಅವರನ್ನೂ ಸೇರಿಸಿಕೊಂಡರು. ಡಿಸೆಂಬರ್ 2ರಂದು, ಎಂದರೆ ಸಭೆ ಮುಗಿದ 40ನೆಯ ದಿನಕ್ಕೆ, ವರದಿ ಸಿದ್ಧವಾಗಿತ್ತು. ಅದು ಉಪದೇಶದ ಕಂತೆಯಾಗಿರಲಿಲ್ಲ. ದಿನದ ಐದೂವರೆ ಗಂಟೆಯಲ್ಲಿ ಕಸುಬಿಗೆ 3 ಗಂಟೆ 20 ನಿಮಿಷ, ಮಾತೃಭಾಷೆಗೆ 40 ನಿಮಿಷ, ಸಂಗೀತ, ಚಿತ್ರ ಮತ್ತು ಗಣಿತಕ್ಕೆ ಸೇರಿ 40, ಸಮಾಜ ಮತ್ತು ವಿಜ್ಞಾನಕ್ಕೆ 30, ವ್ಯಾಯಾಮಕ್ಕೆ 10, ಬಿಡುವಿಗೆ 10 ಎಂದು ನಿಮಿಷದ ಲೆಕ್ಕ ಕೊಟ್ಟಿತು. ವರ್ಷಕ್ಕೆ 288 ದಿನ ಶಾಲೆ. ಶಿಕ್ಷಕರಿಗೆ ತಿಂಗಳಿಗೆ ಸಾಧ್ಯವಾದರೆ 25 ರೂಪಾಯಿ, 20ಕ್ಕಿಂತ ಕಡಿಮೆ ಕೂಡದು. ಮಕ್ಕಳ ದುಡಿಮೆಯ ಲಾಭದ ಮೇಲೆಯೇ ಕಣ್ಣಿಟ್ಟರೆ ಯೋಜನೆಯ ಉದ್ದೇಶವೇ ಕೆಡುತ್ತದೆ ಎಂಬ ಎಚ್ಚರಿಕೆ ಆ ವರದಿಯೊಳಗೇ ಇದೆ. 1938ರ ಫೆಬ್ರುವರಿಯಲ್ಲಿ ಹರಿಪುರಾ ಕಾಂಗ್ರೆಸ್ ಈ ಯೋಜನೆಯ ತಿರುಳನ್ನು ಒಪ್ಪಿತು. ಅದೇ ವರ್ಷ ಇದನ್ನು ಜಾರಿಗೆ ತರಲು ಹಿಂದೂಸ್ತಾನಿ ತಾಲೀಮಿ ಸಂಘ ಹುಟ್ಟಿತು.

ಕಲಿಕೆಯ ದೃಷ್ಟಿಯಿಂದ ಈ ವಿಚಾರ ಎಷ್ಟು ಗಟ್ಟಿಯಾದದ್ದು ಎಂಬುದನ್ನು ತಕಲಿ ಹಿಡಿದು ನೋಡಿದರೆ ತಿಳಿಯುತ್ತದೆ. ನಾಲ್ಕಡಿ ನೂಲಿಗೆ ಒಂದು ತಾರು, 160 ತಾರಿಗೆ ಒಂದು ಲಟ್ಟಿ, ನಾಲ್ಕು ಲಟ್ಟಿಗೆ, ಅಂದರೆ 640 ತಾರಿಗೆ, ಒಂದು ಗುಂಡಿ. ಏಳು ವರ್ಷದ ಮಗುವಿಗೆ ಮಗ್ಗಿ ಇಲ್ಲಿ ಬಾಯಿಪಾಠವಾಗಿ ಉಳಿಯುವುದಿಲ್ಲ, ಬೆರಳಿನ ಲೆಕ್ಕವಾಗುತ್ತದೆ. ಹಂಜಿ ಎಷ್ಟು ತೂಗಿತು, ನೂಲು ಎಷ್ಟು ಬಂತು, ಹಾಳಾದದ್ದೆಷ್ಟು ಎಂದು ಕೇಳಿದರೆ ಶೇಕಡಾವಾರು ಅಲ್ಲೇ ಇದೆ. ಈ ಹತ್ತಿ ಎಲ್ಲಿ ಬೆಳೆಯಿತು, ಕರಿಮಣ್ಣಿನಲ್ಲೇ ಏಕೆ, ಇದು ಮ್ಯಾಂಚೆಸ್ಟರಿಗೆ ಏಕೆ ಹೋಗುತ್ತಿತ್ತು ಎಂದು ಕೇಳಿದರೆ ಭೂಗೋಳವೂ ಚರಿತ್ರೆಯೂ ತೆರೆದುಕೊಳ್ಳುತ್ತವೆ. ಸಾವಿರಾರು ವರ್ಷ ಅಕ್ಷರ ಒಂದು ಜಾತಿಯ ಕೈಯಲ್ಲಿ, ಮಗ್ಗ, ಅಡಿಗೂಟ, ಬಾಚಿ ಇನ್ನೊಂದು ಜಾತಿಯ ಕೈಯಲ್ಲಿ ಇದ್ದ ಈ ದೇಶದಲ್ಲಿ, ಚರ್ಮದ ಕೆಲಸವನ್ನೂ ನೇಯ್ಗೆಯನ್ನೂ ಪಾಠಪಟ್ಟಿಯ ನಡುಮನೆಗೆ ತಂದದ್ದು ಸಣ್ಣ ಮಾತಲ್ಲ. ಬ್ರಾಹ್ಮಣರ ಹುಡುಗನೂ ಚರ್ಮ ಹೊಲಿಯಬೇಕು, ಸಮಗಾರರ ಹುಡುಗನ ಮನೆಯ ವಿದ್ಯೆ ಶಾಲೆಯಲ್ಲಿ ಅಂಕ ಗಳಿಸಬೇಕು ಎಂಬುದು ಆ ವರದಿಯ ಒಳಗಿನ ಕಿಚ್ಚು.

ಆದರೆ ಸಮಿತಿಯ ಪಟ್ಟಿಯನ್ನು ಒಮ್ಮೆ ಓದಿ. ಜಾಕಿರ್ ಹುಸೇನ್, ಸಂಚಾಲಕ ಆರ್ಯನಾಯಕಂ, ಕೆ.ಜಿ. ಸೈಯಿದೈನ್, ವಿನೋಬಾ, ಕಾಕಾ ಕಾಲೇಲ್ಕರ್, ಕಿಶೋರಲಾಲ ಮಶ್ರೂವಾಲಾ, ಜೆ.ಸಿ. ಕುಮಾರಪ್ಪ, ಶ್ರೀಕೃಷ್ಣದಾಸ ಜಾಜು, ಕೆ.ಟಿ. ಶಾ, ಆಶಾದೇವಿ. ಎಲ್ಲರೂ ದೊಡ್ಡವರು, ನಿಷ್ಠರು. ವಿನೋಬಾ ನೂಲುವುದರಲ್ಲಿ ತಪಸ್ಸನ್ನೇ ಮಾಡಿದವರು. ಕಾಲೇಲ್ಕರರು ನಮ್ಮ ಬೆಳಗಾವಿಯ ಸೀಮೆಯಲ್ಲಿ ಬೆಳೆದು, ಅಲ್ಲಿನ ಶಾಲೆಯಲ್ಲಿ ಕಲಿಸಿದವರು. ಆದರೂ ಈ ಪಟ್ಟಿಯಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ನಡೆಸುವ ಹಳ್ಳಿಯ ಮಾಸ್ತರರೊಬ್ಬರಿಲ್ಲ. ಹುಟ್ಟುಕಸುಬಿನ ನೇಕಾರನಿಲ್ಲ, ಬಡಗಿಯಿಲ್ಲ, ಸಮಗಾರನಿಲ್ಲ. ಹೆಂಗಸರೆಂದರೆ ಆಶಾದೇವಿ ಒಬ್ಬರೇ. ಯಾರ ಕೈಯ ವಿದ್ಯೆಯನ್ನು ಶಾಲೆಯ ಎದೆಯಲ್ಲಿಡಬೇಕೆಂದು ಹೊರಟರೋ, ಅವರನ್ನು ಮಾತಿಗೆ ಕರೆಯಲಿಲ್ಲ. ಯಾರು ಅದನ್ನು ನಾಳೆ ಬೆಳಿಗ್ಗೆ ಮಕ್ಕಳ ಮುಂದೆ ಮಾಡಿ ತೋರಿಸಬೇಕೋ, ಅವರನ್ನೂ ಕರೆಯಲಿಲ್ಲ.

ಇದನ್ನು ಹಿಂದಿನವರ ಮೇಲೆ ಇಂದಿನ ನ್ಯಾಯ ಹೇರುವ ಮಾತು ಎಂದು ತಳ್ಳಿಹಾಕಬಾರದು. ನೇಕಾರ ಅಲ್ಲಿದ್ದಿದ್ದರೆ ಒಂದು ಮಾತು ಹೇಳುತ್ತಿದ್ದ: ಹುಡುಗರು ತಕಲಿಯಲ್ಲಿ ತೆಗೆದ ಗಂಟುಗಂಟು ನೂಲು ಮಗ್ಗಕ್ಕೆ ಹಾಕಿದರೆ ಹೆಜ್ಜೆಹೆಜ್ಜೆಗೂ ಕಡಿಯುತ್ತದೆ, ಅದನ್ನು ನೇಯಲು ನನ್ನ ಅರ್ಧ ದಿನ ಹೋಗುತ್ತದೆ, ಅದಕ್ಕೆ ಬೆಲೆ ಕಟ್ಟಬೇಡಿ. ಹಳ್ಳಿಯ ಮಾಸ್ತರ ಇನ್ನೊಂದು ಹೇಳುತ್ತಿದ್ದ: ನನಗೇ ಬಾರದ ಕಸುಬನ್ನು ಕೆಲವು ತಿಂಗಳ ತರಬೇತಿಯಲ್ಲಿ ಕಲಿತು, ಅದರ ಸುತ್ತ ಏಳು ವಿಷಯ ಹೆಣೆಯಿರಿ ಎನ್ನುತ್ತೀರಿ, ಇನ್ಸ್‌ಪೆಕ್ಟರು ಬಂದಾಗ ನೂಲಿನ ತೂಕ ಕೇಳುತ್ತಾರೆಯೇ ಹೊರತು ಹೆಣಿಗೆಯನ್ನಲ್ಲ. ಮುಂದೆ ಈ ಯೋಜನೆಯಂತೆ ತೆರೆದ ಹಳ್ಳಿಹಳ್ಳಿಯ ‘ಬೇಸಿಕ್’ ಶಾಲೆಗಳಲ್ಲಿ ಆದದ್ದು ಇದೇ. ಕಸುಬು ಕಲಿಕೆಯ ಬೇರಾಗುವ ಬದಲು ವೇಳಾಪಟ್ಟಿಯ ಇನ್ನೊಂದು ಪೀರಿಯಡ್ ಆಯಿತು.

ಆತಿಥೇಯ ಊರೂ ಯೋಜನೆಯ ಮೇಲೆ ತನ್ನ ಅಚ್ಚು ಒತ್ತಿತು. ವರದಿಯು ಬಡಗಿತನ, ಬೇಸಾಯ, ತೋಟಗಾರಿಕೆ, ಚರ್ಮದ ಕೆಲಸ, ಸ್ಥಳಕ್ಕೆ ಒಗ್ಗುವ ಬೇರಾವುದೇ ಕಸುಬು ಎಂದು ವಿಶಾಲವಾಗಿಯೇ ಹೇಳಿತು. ಆದರೆ ಸುತ್ತಲೂ ಹತ್ತಿಯ ಹೊಲ, ಬದಿಯಲ್ಲಿ ಆಶ್ರಮದ ಚರಕ. ಎಲ್ಲೆಡೆ ಹಬ್ಬಿದ್ದು ನೂಲುವುದೇ. ಹತ್ತಿಯೇ ಬೆಳೆಯದ ಸೀಮೆಯ ಮಗುವಿಗೂ ತಕಲಿ ಕೊಟ್ಟರು. ಬಿದಿರು, ಅಡಿಕೆ ಹಾಳೆ, ಮೀನಿನ ಬಲೆ, ಮಡಿಕೆಯ ಚಕ್ರ ಮಗುವಿನ ಮನೆಯಂಗಳದಲ್ಲೇ ಇರುವಾಗ ಹಂಜಿಯನ್ನು ಪೇಟೆಯಿಂದ ತರಿಸಿ ಪರಿಸರದ ಕಸುಬು ಎನ್ನುವುದು ಮೂರನೆಯ ನಿರ್ಣಯಕ್ಕೇ ವಿರುದ್ಧ.

ರಾಜಕೀಯದ ಪೆಟ್ಟುಗಳು ಎಲ್ಲರಿಗೂ ಗೊತ್ತಿರುವವೇ. ಮಧ್ಯಪ್ರಾಂತದಲ್ಲಿ ಶುಕ್ಲರು ‘ವಿದ್ಯಾಮಂದಿರ’ ಎಂದು ಹೆಸರಿಟ್ಟ ಯೋಜನೆ ಮುಸ್ಲಿಮರ ಅಸಮಾಧಾನಕ್ಕೆ ಕಾರಣವಾಯಿತು. 1939ರಲ್ಲಿ ಯುದ್ಧದ ಕಾರಣ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಅದಕ್ಕೂ ಮೊದಲೇ ಮುಂಬಯಿ ಸರ್ಕಾರ ಕನ್ನಡ ಭಾಗಕ್ಕಾಗಿ ಧಾರವಾಡದಲ್ಲಿ ತರಬೇತಿ ಕೇಂದ್ರ ತೆರೆದಿತ್ತು. ಬಿಹಾರದ ಚಂಪಾರಣ್ಯದ ಬೃಂದಾವನ ಸೀಮೆಯಲ್ಲಿ ಕೆಲವು ಶಾಲೆಗಳು ಹಟ ಹಿಡಿದು ನಡೆದವು. ಸ್ವಾತಂತ್ರ್ಯದ ಬಳಿಕ ಹೆಸರು ಉಳಿಯಿತು, ಹಳ್ಳಿಗೆ ಬೇಸಿಕ್ ಶಾಲೆ, ಪೇಟೆಗೆ ಇಂಗ್ಲಿಷ್ ಶಾಲೆ ಎಂಬ ಭೇದವೂ ಉಳಿಯಿತು. ತಮ್ಮ ಮಗ ಮತ್ತೆ ಕೂಲಿಯವನೇ ಆಗಲೆಂದು ಈ ಶಾಲೆ ಎಂದು ತಂದೆತಾಯಿ ಅನುಮಾನಪಟ್ಟರೆ ತಪ್ಪು ಅವರದಲ್ಲ. 1964–66ರ ಕೊಠಾರಿ ಆಯೋಗ ಶಾಲೆಯ ಕೈಕೆಲಸವನ್ನು ‘ಕಾರ್ಯಾನುಭವ’ ಎಂದಿತು. ಆಮೇಲೆ ಎಸ್‌ಯುಪಿಡಬ್ಲ್ಯು, ಎಂದರೆ ಸಮಾಜೋಪಯೋಗಿ ಉತ್ಪಾದಕ ಕೆಲಸ, ಬಂತು. ನಮ್ಮ ತಲೆಮಾರಿಗೆ ಅದು ವಾರದ ಕೊನೆಯ ಪೀರಿಯಡ್ಡಿನಲ್ಲಿ ಶಾಲೆಯ ಅಂಗಳ ಗುಡಿಸುವುದಾಗಿ ನೆನಪಿದೆ.

ನಿರ್ಣಯಗಳ ಹಣೆಬರಹವನ್ನೂ ನೋಡಬೇಕು. ಉಚಿತ, ಕಡ್ಡಾಯ ಎಂಬ ಮೊದಲನೆಯದು ಮಗುವಿನ ಕಾನೂನುಬದ್ಧ ಹಕ್ಕಾಗಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು, 72 ವರ್ಷಗಳ ಮೇಲೆ. ಮಾತೃಭಾಷೆಯ ಎರಡನೆಯದನ್ನು ಕರ್ನಾಟಕ 1994ರಲ್ಲಿ ಪ್ರಾಥಮಿಕ ಹಂತಕ್ಕೆ ಕಡ್ಡಾಯ ಮಾಡಲು ಹೊರಟಿತು. 2014ರ ಮೇನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹಾಗೆ ಹೇರುವಂತಿಲ್ಲ ಎಂದಿತು. ಕಸುಬಿನ ಮೂರನೆಯದಕ್ಕೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೊಟ್ಟ ಜಾಗ, 6ರಿಂದ 8ನೆಯ ತರಗತಿಯ ನಡುವೆ ಬ್ಯಾಗಿಲ್ಲದ 10 ದಿನ. ವರ್ಷಕ್ಕೆ 288 ದಿನ, ದಿನಕ್ಕೆ 3 ಗಂಟೆ 20 ನಿಮಿಷ ಎಂದಿದ್ದ ವರದಿಯ ಪಕ್ಕದಲ್ಲಿಟ್ಟು ನೋಡಿದರೆ ನನಗೆ ದುಃಖವಾಗುತ್ತದೆ. ಆದರೂ ಆ ನೀತಿ ಬಡಗಿ, ಕುಂಬಾರ, ತೋಟಗಾರರ ಬಳಿಗೇ ಮಗುವನ್ನು ಕಳಿಸಲು ಹೇಳುತ್ತದೆ. ವರ್ಧಾ ಮರೆತವರ ಹೆಸರನ್ನು ಅದು ಹಿಡಿದಿದೆ. ಈ ವಿಚಾರ ಪೂರ್ತಿ ಸತ್ತಿಲ್ಲ ಎನ್ನಲು ಹಾವೇರಿ ಜಿಲ್ಲೆಯ ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲವಿದೆ. ಅಲ್ಲಿಯೇ ಉಂಡು ಮಲಗುವ ಮಕ್ಕಳು ಹೊಲದಲ್ಲಿ ದುಡಿದು, ಖಾದಿ ಉಟ್ಟು ಓದುತ್ತಾರೆ. ಇಂದು ಸೇವಾಗ್ರಾಮವೆನಿಸಿದ ಸೇಗಾಂವದಲ್ಲೂ ಆನಂದ ನಿಕೇತನ ಎಂಬ ಶಾಲೆ ಮತ್ತೆ ನಡೆಯುತ್ತಿದೆ.

ಹೊಸರಿತ್ತಿಯಂಥ ವಸತಿ ಶಾಲೆಗೆ ವರ್ಧಾದಂಥ ಸಭೆ ನಡೆಸಲು ಬೇರೆಡೆ ಇಲ್ಲದ ಅನುಕೂಲವಿದೆ. ಬಂದವರು ಎರಡು ರಾತ್ರಿ ಅಲ್ಲೇ ತಂಗುತ್ತಾರೆ, ಮಕ್ಕಳ ಪಂಕ್ತಿಯಲ್ಲೇ ಉಣ್ಣಬಹುದು, ಹೇಳಿದ್ದನ್ನು ಮರುದಿನ ಬೆಳಿಗ್ಗೆ ಒಂದು ತರಗತಿಯಲ್ಲಿ ಮಾಡಿ ನೋಡಬಹುದು. ಅಂಥ ಶಾಲೆಗಳನ್ನು ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಬಾರಿ ಶಿಕ್ಷಕರ ಸಮ್ಮೇಳನ ಕರೆಯುವಾಗ ವರ್ಧಾದಂತೆ ಒಂದೇ ಪ್ರಶ್ನೆ ಇಡಿ, ಒಪ್ಪದವರ ಕೈಗೇ ಬರೆಯುವ ಕೆಲಸ ಕೊಡಿ, 40 ದಿನದ ಗಡುವು ಹಾಕಿ. ಆಮೇಲೆ ನಿಮ್ಮೂರಿನ ಒಬ್ಬ ನೇಕಾರನನ್ನು, ಒಬ್ಬ ಕುಂಬಾರನನ್ನು, ಒಂದನೆಯ ತರಗತಿಗೆ ಕಲಿಸುವ ಒಬ್ಬ ಟೀಚರಮ್ಮನನ್ನು ವೇದಿಕೆಯ ಮೇಲೆ ಕೂರಿಸಿ, ಮೊದಲ ಮಾತು ಅವರದಾಗಲಿ.