ಮುರಿದ ಕಂಬದ ಬುಡ

ತಂತಿಬೇಲಿಯ ಮೂಲೆಕಂಬಗಳ ಬಗ್ಗೆ ಈ ವಾರ ಬರೆಯುತ್ತೇನೆ ಎಂದಿದ್ದೆ. ಅದಕ್ಕೆ ಮುಂಚೆ ಮುರಿದ ಕಂಬದ ಮಾತು ಮುಗಿಯಬೇಕು. ಹೊಸದುರ್ಗ, ಹೊಳಲ್ಕೆರೆ ಕಡೆಯ ತೆಂಗು, ಅಡಕೆ ತೋಟಗಳಲ್ಲಿ ಟ್ರಾಕ್ಟರ್ ತಿರುಗಿಸುವಾಗ ಟ್ರೇಲರಿನ ಮೂಲೆ ತಗುಲಿದರೆ ಕಲ್ಲುಕಂಬ ಬಾಗುವುದಿಲ್ಲ, ಲಟ್ಟನೆ ಮುರಿಯುತ್ತದೆ. ಮುರಿಯುವುದೂ ಹೆಚ್ಚಾಗಿ ನೆಲಮಟ್ಟದಲ್ಲೇ. ಕಲ್ಲು ತಲೆಯ ಮೇಲೆ ಎಷ್ಟು ಭಾರ ಹೇರಿದರೂ ಹೊರುತ್ತದೆ, ಪಕ್ಕದಿಂದ ದೂಡಿದರೆ ತಾಳದು. ಮೇಲೆ ಬಿದ್ದ ಪೆಟ್ಟಿನ ಬಲವೆಲ್ಲ ಮಣ್ಣು ಕಂಬವನ್ನು ಹಿಡಿದಿರುವ ಗೆರೆಗೆ ಬಂದು ಸೇರುತ್ತದೆ.

ಬುಡವನ್ನು ಒಳಗೇ ಬಿಟ್ಟು ಪಕ್ಕದಲ್ಲಿ ಹೊಸ ಗುಣಿ ತೆಗೆಯುವ ಅಭ್ಯಾಸ ನನಗೆ ಸುತರಾಂ ಒಪ್ಪಿಗೆಯಿಲ್ಲ. ಕಂಬಗಳ ಅಂತರ ಕೆಡುತ್ತದೆ. ನೆಲದಲ್ಲಿ ಅಡಗಿದ ಮೊನೆ ಇಂದಲ್ಲ ನಾಳೆ ನೇಗಿಲಿಗೋ ರೋಟವೇಟರಿಗೋ ಸಿಕ್ಕುತ್ತದೆ. 6 ಅಂಗುಲ ಅಗಲ, 4 ಅಂಗುಲ ದಪ್ಪದ ಕಂಬವಾದರೆ 2 ಅಡಿಯ ಬುಡ ತೂಗುವುದು 25 ಕೆಜಿಯಷ್ಟೆ. ಅದನ್ನು ಹಿಡಿದಿಟ್ಟಿರುವುದು ಮಣ್ಣು, ತೂಕವಲ್ಲ. ಆದ್ದರಿಂದ ಸುತ್ತಲೂ ಅಗೆದು ಬಾವಿ ಮಾಡಬೇಡಿ. ತಂತಿಗೆ ಅಡ್ಡಲಾಗಿ, ತೋಟದ ಒಳಬದಿಯಲ್ಲಿ ಮಾತ್ರ ಬುಡದ ಆಳದವರೆಗೆ ತೋಡಿ, ಎದುರು ಬದಿಗೆ ಹಾರೆ ಇಳಿಸಿ ಮೀಟಿದರೆ ಬುಡ ಗುಣಿಗೆ ಒರಗುತ್ತದೆ. ಉಳಿದ ಮೂರು ಬದಿಯ ಗಟ್ಟಿ ನೆಲ ಹೊಸ ಕಂಬಕ್ಕೆ ಹಾಗೇ ಉಳಿಯಬೇಕು. ಕೆಮ್ಮಣ್ಣಾದರೆ ಹಿಂದಿನ ಸಂಜೆ ಎರಡು ಕೊಡ ನೀರು ಹಾಕಿ. ಹಿರಿಯೂರು ಕಡೆಯ ಎರೆಯಲ್ಲಿ ನೀರು ಕೂಡದು, ಅಂಟಿಕೊಂಡು ಪ್ರಾಣ ತಿನ್ನುತ್ತದೆ; ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಾಗ ಕೀಳುವುದು ಸುಲಭ.

ಹೊಸ ಕಂಬ ಆರಿಸುವಾಗ ಸುತ್ತಿಗೆಯಿಂದ ತಟ್ಟಿ ನೋಡಿ. ಟಣ್ ಎಂದರೆ ತನ್ನಿ, ಮಂಕಾಗಿ ನುಡಿದರೆ ಒಳಗೆ ಸೀಳಿದೆ. 7 ಅಡಿಯದು ಹತ್ತಿರಹತ್ತಿರ 90 ಕೆಜಿ, ಇಳಿಸಲು ಇಬ್ಬರು ಬೇಕೇ ಬೇಕು. ಗುಣಿಗೆ ಅರ್ಧರ್ಧ ಅಡಿಯಂತೆ ಗರಸು, ನಡುನಡುವೆ ಒಡೆದ ಚೂಪು ಕಲ್ಲು ತುಂಬಿ, ಪ್ರತಿ ಪದರಕ್ಕೂ ದಮ್ಮಸು ಬಡಿಯಬೇಕು. ಎರೆಯಲ್ಲಿ ಅಗೆದ ಮಣ್ಣನ್ನೇ ಮರಳಿ ತುಂಬಿದರೆ ಅದು ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ ಕಂಬವನ್ನು ವಾಲಿಸುತ್ತದೆ.

ಗುಣಿಗೆ ಕಾಂಕ್ರೀಟ್ ಸುರಿಯುವವರ ಜೊತೆ ನನ್ನ ತಕರಾರು ಹಳೆಯದು. ಗೇಟಿನ ಕಂಬಕ್ಕೆ ಬೇಕು, ಒಪ್ಪುತ್ತೇನೆ. ಸಾಲುಕಂಬಕ್ಕೆ ಯಾಕೆ? ಮತ್ತೆ ಮುರಿದ ದಿನ ಕಂಬದ ಬುಡದ ಜೊತೆಗೆ ಕಾಂಕ್ರೀಟಿನ ಗುಂಡನ್ನೂ ಎತ್ತಬೇಕು. ಸರಳು ಹಾಕಿದ ಸಿಮೆಂಟ್ ಕಂಬವನ್ನೇ ತರುವವರ ಪಾಡು ಇನ್ನೂ ಕಷ್ಟ. ಕೂದಲೆಳೆಯಷ್ಟು ಬಿರುಕಿನಲ್ಲಿ ನೀರಿಳಿದರೆ ಸರಳು ತುಕ್ಕು ಹಿಡಿಯುತ್ತದೆ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಕಂಬ ಒಳಗಿನಿಂದಲೇ ಸಿಡಿಯುತ್ತದೆ. ಅಂಥದ್ದನ್ನು ಇಷ್ಟೊಂದು ಕಲ್ಲಿರುವ ಚಿತ್ರದುರ್ಗದ ಸೀಮೆಗೆ ಲಾರಿಯಲ್ಲಿ ಹೇರಿ ತರುವುದು ನನಗೆ ನಿಜಕ್ಕೂ ನೋವು ತರುತ್ತದೆ.

ಸಿಮೆಂಟಿಲ್ಲದೆ ಕಲ್ಲು ನಿಂತೀತೇ ಎನ್ನುವವರು ದುರ್ಗದ ಕೋಟೆಯ ಗೋಡೆಗಳಲ್ಲಿ ಗಾರೆಯಿಲ್ಲದೆ ಕೂರಿಸಿದ ಕಲ್ಲುಗಳನ್ನು ನೋಡಲಿ. ಇನ್ನೂ ಹಳೆಯ ಸಾಕ್ಷಿ ಬೇಕೆಂದರೆ ನಮ್ಮ ಜಿಲ್ಲೆಯದೇ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಬೇಕು. ಅಶೋಕನ ಶಾಸನದಿಂದ ಹೆಸರಾದ ಈ ಜಾಗವನ್ನು ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ಮಾಡಿದರು. ಅದೇ ವರ್ಷ ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೂ ಅಗೆಸಿದರು. ಬ್ರಹ್ಮಗಿರಿಯಲ್ಲಿ ಅವರು ತೆರೆದದ್ದರಲ್ಲಿ ಬೃಹತ್ ಶಿಲಾಯುಗದ ಕಲ್ಲುಗೋರಿಗಳೂ ಇದ್ದವು. ನೆಲದಲ್ಲಿ ಗುಂಡಿ ತೋಡಿ, ನಾಲ್ಕು ಬದಿಗೆ ನಾಲ್ಕು ದೊಡ್ಡ ಚಪ್ಪಡಿಗಳನ್ನು ಲಂಬವಾಗಿ ನಿಲ್ಲಿಸಿ, ಮೇಲೊಂದು ಮುಚ್ಚಳದ ಬಂಡೆ ಹೇರಿದ ಕಟ್ಟಡ ಅದು. ನಾನು ಮತ್ತೆ ಮತ್ತೆ ನೆನೆಯುವುದು ಆ ಚಪ್ಪಡಿಗಳ ಜೋಡಣೆಯನ್ನು. ಒಂದರ ತುದಿ ಮತ್ತೊಂದನ್ನು ದಾಟಿ ಮುಂದೆ ಚಾಚಿರುತ್ತದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು ಒಂದು ಚಪ್ಪಡಿಯನ್ನು ಒಳಕ್ಕೆ ದೂಡಿದರೆ ಪಕ್ಕದ್ದು ಅದಕ್ಕೆ ಆನಿಕೆಯಾಗುತ್ತದೆ, ಅದಕ್ಕೆ ಅದರಾಚೆಯದು. ಬೀಳಿಸಬೇಕಾದ ಮಣ್ಣಿನ ಒತ್ತಡವೇ ನಾಲ್ಕನ್ನೂ ಬಿಗಿಯುತ್ತದೆ. ಯಾವ ಗಾರೆಯೂ ಕೊಡಲಾರದ ಬಿಗಿತ ಇದು. ಅದನ್ನು ಕಂಡುಕೊಂಡವರು ಎರಡು ಸಾವಿರ ವರ್ಷಕ್ಕೂ ಹಿಂದೆ ಇದೇ ಸೀಮೆಯಲ್ಲಿ ಬಾಳಿದವರು. ತಂತಿಯ ಎಳೆತಕ್ಕೆ ಸಿಕ್ಕ ಮೂಲೆಕಂಬಕ್ಕೆ ಎರಡೂ ಸಾಲಿನ ಕಡೆಯಿಂದ ಓರೆಯಾಗಿ ಕಲ್ಲು ಆನಿಸುವುದರಲ್ಲಿ ಇರುವುದೂ ಇದೇ ಬುದ್ಧಿ.

ಹೊಸ ಕಂಬಕ್ಕೆ ಅಂದೇ ತಂತಿ ಬಿಗಿಯಬೇಡಿ. ಒಂದು ಒಳ್ಳೆಯ ಮಳೆ ಬಿದ್ದು ಗರಸು ಕೂತ ಮೇಲೆ, ತಗ್ಗಿದ ಜಾಗಕ್ಕೆ ಇನ್ನೊಂದು ಪುಟ್ಟಿ ಹಾಕಿ ದಮ್ಮಸು ಬಡಿದು ಆಮೇಲೆ ಬಿಗಿಯಿರಿ. ಅಲ್ಲಿಯವರೆಗೆ ದನ ನುಗ್ಗದಂತೆ ಆ ಕಂಡಿಗೆ ನಾಲ್ಕು ಕೊಂಬೆ ಬಳ್ಳಾರಿ ಜಾಲಿ ಕಡಿದು ಹಾಕಿದರೆ ಸಾಕು.