ಬಿಲ್ವಿದ್ಯೆಯೂ ಬೇಟೆಯ ಕಟ್ಟಳೆಯೂ

ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಶಸ್ತ್ರವೈದ್ಯನಾಗಿದ್ದ ಸ್ಯಾಕ್ಸ್‌ಟನ್ ಪೋಪನು ಬಿಲ್ಲುಬೇಟೆಯನ್ನು ಕುರಿತು 1923ರಲ್ಲಿ ಪ್ರಕಟಿಸಿದ ಗ್ರಂಥವು ಅಮೆರಿಕದಲ್ಲಿ ಈ ಪುರಾತನ ವಿದ್ಯೆಯ ಪುನರುಜ್ಜೀವನಕ್ಕೆ ಕಾರಣವಾದ ಕೃತಿಗಳಲ್ಲಿ ಒಂದೆಂಬುದು ನಿರ್ವಿವಾದ. ಆದರೆ ಅದರ ಹಿರಿಮೆಯನ್ನು ನಾನು ಕಾಣುವುದು ಗ್ರಂಥಕರ್ತನು ಅಭಿಮಾನದಿಂದ ವರ್ಣಿಸುವ ಮೃಗವಧೆಯಲ್ಲಲ್ಲ, ಅವನಿಗೆ ಗುರುವಾಗಿ ಒದಗಿದ ಇಶಿಯ ಚಿತ್ರದಲ್ಲಿ.

ತನ್ನ ಯಾಹಿ ಜನರೆಲ್ಲ ಅಳಿದ ಮೇಲೆ 1911ರಲ್ಲಿ ಓರೊವಿಲ್ ಊರಿನ ಬಳಿ ಒಬ್ಬಂಟಿಯಾಗಿ ಕಾಣಿಸಿಕೊಂಡು, ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ ಆಶ್ರಯ ಪಡೆದು, 1916ರಲ್ಲಿ ಕ್ಷಯದಿಂದ ತೀರಿಕೊಂಡ ಈ ಮನುಷ್ಯನು, ಬೆನ್ನಿಗೆ ಪ್ರಾಣಿಯ ನರವನ್ನು ಅಂಟಿಸಿದ ಜೂನಿಪರ್ ಮರದ ಗಿಡ್ಡ ಬಿಲ್ಲನ್ನು ಮೈಗೆ ಓರೆಯಾಗಿ ಹಿಡಿದು, ಹೆದೆಯನ್ನು ಹೆಬ್ಬೆರಳಿನಿಂದ ಸೆಳೆದು, ಆ ಬೆರಳಿನ ಉಗುರಿಗೆ ನಡುಬೆರಳಿನ ತುದಿಯನ್ನು ಒತ್ತುಗೊಟ್ಟು ಬಾಣ ಬಿಡುತ್ತಿದ್ದ ಬಗೆಯನ್ನು ಪೋಪನು ವೈದ್ಯನ ಕಣ್ಣಿಗೆ ಸಹಜವಾದ ಸೂಕ್ಷ್ಮತೆಯಿಂದ ಬರೆದಿದ್ದಾನೆ. ದೂರದ ನಿಶ್ಚಲ ಗುರಿಗೆ ಎಸೆಯುವುದರಲ್ಲಿ ಇಶಿ ಶಿಷ್ಯನಿಗಿಂತ ಹಿಂದೆ. ಹತ್ತಿಪ್ಪತ್ತು ಗಜಗಳೊಳಗೆ, ಪೊದೆಯ ಮರೆಯ ಸಣ್ಣ ಪ್ರಾಣಿಗೆ ಎಸೆಯುವಲ್ಲಿ ಅವನು ನಿಪುಣ. ಜಿಂಕೆಯ ಬೇಟೆಗೆ ಮುನ್ನ ಅವನು ಮೀನುಣ್ಣನು, ಹೊಗೆ ಸೇದನು; ಮುಂಜಾನೆ ತೊರೆಯಲ್ಲಿ ಮಿಂದು ಮೈಗೆ ಪರಿಮಳದ ಎಲೆಗಳನ್ನು ತಿಕ್ಕಿಕೊಳ್ಳುವನು. ಮೃಗಕ್ಕೆ ಮನುಷ್ಯನ ವಾಸನೆ ಹತ್ತಬಾರದೆಂಬ ಉಪಾಯವಿದು ನಿಜ, ಆದರೂ ಆಚರಣೆಯಲ್ಲಿ ವ್ರತವೇ ಆಗಿದೆ.

ಇಂಥ ಗುರುವಿನ ಶಿಷ್ಯನು, 1894ರಿಂದಲೂ ಬೇಟೆ ನಿಷಿದ್ಧವಾಗಿದ್ದ ಯೆಲ್ಲೊಸ್ಟೋನ್ ಉದ್ಯಾನಕ್ಕೆ 1920ರಲ್ಲಿ, ವಸ್ತುಸಂಗ್ರಹಾಲಯಕ್ಕೆ ಮಾದರಿಗಳು ಬೇಕೆಂಬ ಕಾರಣದಿಂದ ದೊರೆತ ಸರ್ಕಾರಿ ಅಪ್ಪಣೆಯೊಡನೆ ಹೋಗಿ, ಸಂಗಡಿಗನಾದ ಆರ್ಥರ್ ಯಂಗನೊಡನೆ ಗ್ರಿಜ್ಲಿ ಕರಡಿಗಳನ್ನು ಕೊಂದ ವೃತ್ತಾಂತವು ನನಗೆ ಅತ್ಯಂತ ಅಪ್ರಿಯವಾಗಿದೆ. ಕಾನೂನು ಭಂಗವಾಗಲಿಲ್ಲ, ಆದರೆ ಅಪ್ಪಣೆ ಕೈಗೆ ಬಂದೊಡನೆ ವಿವೇಚನೆಯ ಹೊಣೆಯೂ ಹೆಗಲಿನಿಂದ ಇಳಿಯಿತೆಂಬಂತೆ ಲೇಖಕನು ನಡೆದುಕೊಳ್ಳುತ್ತಾನೆ. ಬಾಣವು ಗುಂಡಿನಂತೆ ಆಘಾತದಿಂದಲ್ಲ, ರಕ್ತಸ್ರಾವದಿಂದ ಕೊಲ್ಲುವ ಆಯುಧ; ಕೈ ತುಸು ತಪ್ಪಿದರೆ ಮೃಗವು ಗಾಯವನ್ನು ಹೊತ್ತು ಕಾಡಿನಲ್ಲಿ ನರಳಬೇಕು. ಬೇಟೆಯ ಬಿಲ್ಲು ಬಾಣವನ್ನು 130 ಗಜ ದೂರಕ್ಕಾದರೂ ಒಯ್ಯಬೇಕು, ದೊಡ್ಡ ಮೃಗಕ್ಕೆ ಬಿಡುವ ಅಲಗು ಅಂಗುಲದ ಎಂಟರಲ್ಲಿ ಏಳು ಪಾಲಿಗಿಂತ ಕಿರಿದಾಗಿರಬಾರದು ಎಂದು ಕ್ಯಾಲಿಫೋರ್ನಿಯದ ಈಗಿನ ನಿಯಮಗಳು ವಿಧಿಸುವಾಗ, ಆ ಶುಷ್ಕ ಅಂಕಿಗಳಲ್ಲಿ ಪೋಪನ ಕರಡಿಯ ಅಧ್ಯಾಯಕ್ಕಿಂತ ಹೆಚ್ಚಿನ ಕರುಣೆಯಿದೆ.

ಇಶಿಯ ವಿದ್ಯೆ ಬೇಕು, ಪ್ರಾಣಿಯ ಪ್ರಾಣ ಬೇಡ ಎನ್ನುವವನಿಗೆ ಬಯಲಿನಲ್ಲಿ ಅಲೆಯುತ್ತ, ಮೊಂಡು ಮೊನೆಯ ಬಾಣಗಳಿಂದ ಕೊಳೆತ ಮರದ ಬುಡಗಳಿಗೆ ಎಸೆಯುವ ಹಳೆಯ ಅಭ್ಯಾಸವೊಂದುಂಟು. ಅಳತೆಯ ಗೆರೆ ಇಲ್ಲದ ನೆಲದಲ್ಲಿ ದೂರವನ್ನು ಕಣ್ಣೇ ಅಳೆಯಬೇಕಾದ್ದರಿಂದ ಆಟದ ಮೈದಾನಕ್ಕಿಂತ ಇದು ಕಠಿನವಾದ ಸಾಧನೆ. ನಮ್ಮಲ್ಲಿ ಇದಕ್ಕೂ ಸ್ಥಳವನ್ನು ನೋಡಿಯೇ ಆರಿಸಬೇಕು: 1972ರ ವನ್ಯಜೀವಿ ಶಾಸನವು ಬಿಲ್ಲುಬಾಣಗಳನ್ನು ಆಯುಧಗಳ ಸಾಲಿಗೆ ಸೇರಿಸಿ, ಲಿಖಿತ ಅನುಮತಿಯಿಲ್ಲದೆ ಅವುಗಳೊಡನೆ ಅಭಯಾರಣ್ಯವನ್ನು ಹೊಗುವುದನ್ನೇ ನಿಷೇಧಿಸಿದೆ. ಅನುಮತಿಯಿತ್ತ ಒಡೆಯನ ತೋಟದಲ್ಲಿ, ಗುರಿಯ ಹಿಂದೆ ಮಣ್ಣಿನ ದಿಬ್ಬವಿರುವಲ್ಲಿ ಅಭ್ಯಾಸ ಮಾಡುವವನಿಗೆ ಪೋಪನು ಬಿಲ್ಲನ್ನೂ ಬಾಣವನ್ನೂ ಕೈಯಾರೆ ಮಾಡಿಕೊಳ್ಳುವ ಕ್ರಮ ತಿಳಿಸಿದ ಅಧ್ಯಾಯಗಳು ಇಂದಿಗೂ ಉತ್ತಮ ಮಾರ್ಗದರ್ಶಿ.